ಫ್ರಾನ್ಸ್‌ನ ಹಳ್ಳಿಯಲ್ಲಿ ಮನೆ ಮಾಡಿದ್ದೀರಾ? ಬೇಟೆಗಾರರ ಪಕ್ಕದಲ್ಲಿ ಬಾಳುವುದು ಹೀಗೆ

ಬೆಂಗಳೂರಿನಿಂದ ಟೂಲೂಸ್‌ಗೆ ವಿಮಾನದ ಕಂಪನಿ ಕೆಲಸಕ್ಕೆ ಅಂತ ಬಂದವರು ಕೆಲವು ವರ್ಷ ಫ್ಲಾಟಿನಲ್ಲಿ ಕಳೆದು, ಆಮೇಲೆ ಜೆರ್ಸ್ ಕಡೆಗೋ ತಾರ್ನ್ ಕಡೆಗೋ ಹಳೇ ಕಲ್ಲುಮನೆ ಹುಡುಕಿಕೊಂಡು ಹೋಗುವುದುಂಟು. ಮನೆ ನೋಡುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಸುತ್ತ ಸೂರ್ಯಕಾಂತಿ ಹೊಲ, ಆಚೆ ಓಕ್ ಕಾಡು, ಹಕ್ಕಿ ಬಿಟ್ಟರೆ ಬೇರೆ ಸದ್ದಿಲ್ಲ. ಸೆಪ್ಟೆಂಬರ್ ಬಂತು ಅನ್ನಿ, ಒಂದು ಭಾನುವಾರ ಇನ್ನೂ ಹಾಸಿಗೆಯಲ್ಲಿರುವಾಗಲೇ ಢಂ ಅಂತ ಕೇಳುತ್ತದೆ. ಕಿಟಕಿ ತೆಗೆದರೆ ಕಿತ್ತಳೆ ಜಾಕೆಟ್ಟಿನವರು ನಾಲ್ಕು ಜನ, ಹೆಗಲಿಗೆ ಕೋವಿ, ಬೇಲಿ ಪಕ್ಕದಲ್ಲೇ ನಡೆದು ಹೋಗುತ್ತಿರುತ್ತಾರೆ.

ನಮ್ಮವರಿಗೆ ಇದು ಜಾಸ್ತಿ ಗಾಬರಿ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಅಂದರೆ ನಮಗೆ ಕದ್ದು ಮಾಡುವ ಕೆಲಸ. ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ ನಿಜ, ಆದರೆ ಅದು ಕೋವಿಗೆ ಮಾತ್ರ, ಬೇಟೆಗಲ್ಲ. ಫ್ರಾನ್ಸ್‌ನಲ್ಲಿ ಬೇಟೆ ಅಂದರೆ ಪರೀಕ್ಷೆ ಪಾಸು ಮಾಡಿ, ವರ್ಷವರ್ಷ ಹಣ ಕಟ್ಟಿ, ವಿಮೆ ಮಾಡಿಸಿ, ಹಾಡಹಗಲೇ ಮಾಡುವ ಕೆಲಸ. ಸುಮಾರು 10 ಲಕ್ಷ ಜನ ಮಾಡುತ್ತಾರೆ.

ನನ್ನ ಒಟ್ಟು ಸಲಹೆ ಇಷ್ಟೇ: ಪರಿಚಯ ಬೇಸಿಗೆಯಲ್ಲಿ ಮಾಡಿಕೊಳ್ಳಿ, ತಕರಾರು ಏನಿದ್ದರೂ ಕಾಗದದಲ್ಲಿ ಮಾಡಿ. ಕೋವಿ ಕೈಯಲ್ಲಿದ್ದಾಗ ಹೊಲದ ಬದುವಿನಲ್ಲಿ ನಿಂತು ಮಾತಾಡಿ ಬಗೆಹರಿದ ಜಗಳ ನಾನು ಕಂಡಿಲ್ಲ.

1. ಮೊದಲು, ಅವರು ಯಾರು ಅಂತ ತಿಳಿಯಿರಿ

ಬೇಟೆ ಅಂದರೆ ಕುದುರೆ, ಕೆಂಪು ಕೋಟು, ಶ್ರೀಮಂತರ ಶೋಕಿ ಅನ್ನುವ ಚಿತ್ರ ನಮ್ಮ ತಲೆಗೆ ಬಂದಿರುವುದು ಇಂಗ್ಲೆಂಡಿನಿಂದ. ಫ್ರಾನ್ಸ್‌ನಲ್ಲೂ ಕುದುರೆ ಮೇಲಿನ ಬೇಟೆ ಇದೆ, ಆದರೆ ಅದು ಕೆಲವು ದೊಡ್ಡ ಕಾಡುಗಳ ಮಾತು. ನಿಮ್ಮ ಹಳ್ಳಿಯಲ್ಲಿ ಬೇಟೆಗೆ ಹೋಗುವವರು ಪ್ಲಂಬರ್, ಟ್ರ್ಯಾಕ್ಟರ್ ರಿಪೇರಿಯವನು, ನಿವೃತ್ತ ಪೋಸ್ಟ್‌ಮ್ಯಾನ್, ಎಷ್ಟೋ ಸಲ ಉಪಮೇಯರ್ ಕೂಡ. ನಿಮ್ಮ ಮನೆಯ ಪೈಪು ಚಳಿಗೆ ಒಡೆದರೆ ಬರುವವರೂ ಅವರೇ.

ಇದರ ಹಿಂದೆ ಒಂದು ಚರಿತ್ರೆ ಇದೆ. 1789ರ ಆಗಸ್ಟ್ 4ರ ರಾತ್ರಿ ಕ್ರಾಂತಿಯ ಸಭೆ ಶ್ರೀಮಂತರ ವಿಶೇಷ ಹಕ್ಕುಗಳನ್ನು ರದ್ದು ಮಾಡಿತಲ್ಲ, ಅದರಲ್ಲಿ ಬೇಟೆಯ ಹಕ್ಕೂ ಒಂದು. ಅದಕ್ಕೆ ಮುಂಚೆ ದೊರೆಯ ಜಿಂಕೆ, ದೊರೆಯ ಪಾರಿವಾಳ ರೈತನ ಬೆಳೆ ತಿಂದರೂ ರೈತ ಕೈ ಎತ್ತುವ ಹಾಗಿರಲಿಲ್ಲ. ಹಾಗಾಗಿ ಹಳ್ಳಿಯವರಿಗೆ ಬೇಟೆ ಬರೀ ಹವ್ಯಾಸವಲ್ಲ. ಮುತ್ತಜ್ಜಂದಿರು ದೊರೆಗಳ ಕೈಯಿಂದ ಕಿತ್ತುಕೊಂಡ ಹಕ್ಕು. ನಿನ್ನೆ ಬಂದವರು ‘ಇದು ಅನಾಗರಿಕ’ ಅಂದರೆ ಅವರಿಗೆ ಎಲ್ಲಿ ಚುಚ್ಚುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ. 1999ರ ಯುರೋಪಿಯನ್ ಚುನಾವಣೆಯಲ್ಲಿ ಬೇಟೆ, ಮೀನುಗಾರಿಕೆಯ ಹೆಸರಲ್ಲೇ ಕಟ್ಟಿದ ಪಕ್ಷವೊಂದು ಶೇಕಡಾ 6ಕ್ಕೂ ಜಾಸ್ತಿ ಮತ ತೆಗೆದುಕೊಂಡಿತ್ತು.

ಇನ್ನೊಂದು ಕಾರಣ ಕಾಡುಹಂದಿ. 1970ರ ದಶಕದಲ್ಲಿ ಇಡೀ ದೇಶದಲ್ಲಿ ವರ್ಷಕ್ಕೆ 50 ಸಾವಿರಕ್ಕೂ ಕಡಿಮೆ ಹಂದಿ ಹೊಡೆಯುತ್ತಿದ್ದರು. ಈಗ 8 ಲಕ್ಷಕ್ಕೂ ಹೆಚ್ಚು. ಅದೇ ಹೊತ್ತಿಗೆ 20 ಲಕ್ಷ ದಾಟಿದ್ದ ಬೇಟೆಗಾರರ ಸಂಖ್ಯೆ ಅರ್ಧಕ್ಕೆ ಇಳಿದಿದೆ. ಹಂದಿ ಹೊಲಕ್ಕೆ ನುಗ್ಗಿ ಮೆಕ್ಕೆಜೋಳ ಮುಗಿಸಿದರೆ ಪರಿಹಾರ ಕೊಡಬೇಕಾದವರು ಯಾರು ಗೊತ್ತಾ? ಬೇಟೆಗಾರರ ಜಿಲ್ಲಾ ಒಕ್ಕೂಟ. ಕರ್ನಾಟಕದಲ್ಲಿ ಅರಣ್ಯ ಇಲಾಖೆ ಕೊಡುವ ದುಡ್ಡನ್ನು ಅಲ್ಲಿ ಬೇಟೆಗಾರರೇ ತಮ್ಮ ಚಂದಾದಿಂದ ಕೊಡುತ್ತಾರೆ. ಹಾಗಾಗಿ ಪಕ್ಕದ ಹೊಲದ ರೈತ ಯಾರ ಕಡೆ ಇರುತ್ತಾನೆ ಅನ್ನುವುದರಲ್ಲಿ ಅನುಮಾನ ಬೇಡ.

2. ಮನೆ ಕೊಳ್ಳುವ ಮೊದಲೇ ಕೇಳಬೇಕಾದ್ದು

ಜಾಗದ ಸುತ್ತ ಒಮ್ಮೆ ನಡೆಯಿರಿ. ಕಾಡಿನ ಅಂಚಿನಲ್ಲಿ ಏಣಿ ಇರುವ ಮರದ ಅಟ್ಟಣಿಗೆ ಇದೆಯಾ? ಮರಕ್ಕೆ ‘ಶಾಸ್ ಗಾರ್ದೇ’ ಅಥವಾ ‘ರೇಜರ್ವ್ ದ ಶಾಸ್’ ಅನ್ನುವ ಫಲಕ ಹೊಡೆದಿದ್ದಾರಾ? ಮೊದಲನೆಯದು ಖಾಸಗಿ ಬೇಟೆಯ ಜಾಗ, ಎರಡನೆಯದು ಬೇಟೆ ಇಲ್ಲದ ಜಾಗ. ಎರಡನೆಯದರ ಪಕ್ಕ ಮನೆ ಸಿಕ್ಕರೆ ಪುಣ್ಯ.

ಆಮೇಲೆ ಮೇರಿಗೆ, ಅಂದರೆ ಅಲ್ಲಿನ ಪಂಚಾಯಿತಿ ಕಚೇರಿಗೆ ಹೋಗಿ ಒಂದು ಪ್ರಶ್ನೆ ಕೇಳಿ: ಈ ಊರಲ್ಲಿ ಇರುವುದು ಎಸಿಸಿಎ ಸಂಘವಾ, ಸಾಮಾನ್ಯ ಬೇಟೆ ಸಂಘವಾ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಸಾಮಾನ್ಯ ಸಂಘವಾದರೆ ವಿಷಯ ಸರಳ. ಫ್ರೆಂಚ್ ಕಾನೂನಿನ ಮೂಲ ನಿಯಮ, ಜಮೀನಿನ ಒಡೆಯನ ಒಪ್ಪಿಗೆ ಇಲ್ಲದೆ ಯಾರೂ ಅಲ್ಲಿ ಬೇಟೆ ಆಡುವ ಹಾಗಿಲ್ಲ. ಹಿಂದಿನ ಮಾಲೀಕ ಬಾಯಿಮಾತಲ್ಲೋ ಕಾಗದದಲ್ಲೋ ಒಪ್ಪಿಗೆ ಕೊಟ್ಟಿರುತ್ತಾನೆ. ನೀವು ಮುಂದುವರಿಸಬಹುದು, ಬೇಡ ಅನ್ನಬಹುದು.

ಎಸಿಸಿಎ ಆದರೆ ಬೇರೆ ಲೆಕ್ಕ. 1964ರ ವೆರ್ದೇಯ್ ಕಾಯ್ದೆ ಹುಟ್ಟುಹಾಕಿದ ಸಂಘ ಇದು. ಆ ಹೆಸರಿನ ಸೆನೆಟರ್ ತಾರ್ನ್‌ನವರೇ. ತುಂಡು ತುಂಡು ಜಮೀನು ಇರುವ ಊರುಗಳಲ್ಲಿ ಸಣ್ಣ ಹಿಡುವಳಿಗಳನ್ನೆಲ್ಲ ಸೇರಿಸಿ ಊರಿಗೊಂದು ಬೇಟೆಯ ಪ್ರದೇಶ ಮಾಡುವುದು ಅದರ ಉದ್ದೇಶ. ಸಾಮಾನ್ಯವಾಗಿ 20 ಹೆಕ್ಟೇರಿಗಿಂತ ಕಡಿಮೆ ಜಮೀನಿನವರ ಬೇಟೆ ಹಕ್ಕು ಸಂಘಕ್ಕೆ ಸೇರಿಬಿಡುತ್ತದೆ. ನೀವು ಕೊಳ್ಳುವ ಎರಡು ಹೆಕ್ಟೇರ್ ಕಾಡು ಆಗಲೇ ಸಂಘದಲ್ಲಿ ಇರಬಹುದು. ಕ್ರಯಪತ್ರ ಮಾಡಿಕೊಡುವ ನೋಟೇರ್ ತಾನಾಗಿ ಇದನ್ನು ಹೇಳುತ್ತಾರೆ ಅಂತ ಕಾಯಬೇಡಿ, ಸಹಿ ಮಾಡುವ ಮೊದಲೇ ಕೇಳಿ.

ಅಲ್ಸಾಸ್ ಮತ್ತು ಮೊಸೆಲ್ ಕಡೆ ಹೋದರೆ ಇದೆಲ್ಲ ಲೆಕ್ಕಕ್ಕಿಲ್ಲ. ಜರ್ಮನ್ ಆಳ್ವಿಕೆಯ ಕಾಲದ ಕಾನೂನು ಅಲ್ಲಿ ಈಗಲೂ ಇದೆ. ಊರಾಡಳಿತವೇ ಬೇಟೆ ಹಕ್ಕನ್ನು ಒಂಬತ್ತು ವರ್ಷದ ಗುತ್ತಿಗೆಗೆ ಕೊಡುತ್ತದೆ.

ಜಮೀನನ್ನು ಪಕ್ಕದ ರೈತನಿಗೆ ಕೃಷಿ ಗುತ್ತಿಗೆಗೆ ಕೊಡುವ ಯೋಚನೆ ಇದ್ದರೆ ಇದೊಂದು ಗಮನದಲ್ಲಿರಲಿ: ಗುತ್ತಿಗೆ ರೈತನಿಗೆ ಆ ಜಮೀನಿನಲ್ಲಿ ಸ್ವಂತಕ್ಕೆ ಬೇಟೆ ಆಡುವ ಹಕ್ಕು ಕಾನೂನಿನಿಂದಲೇ ಬರುತ್ತದೆ.

3. ಸೆಪ್ಟೆಂಬರಿಗೆ ಮೊದಲು ಹೋಗಿ ಮಾತಾಡಿಸಿ

ಸಂಘದ ಅಧ್ಯಕ್ಷರು ಯಾರು ಅಂತ ಮೇರಿಯಲ್ಲಿ ಹೇಳುತ್ತಾರೆ. ಜುಲೈ ಅಥವಾ ಆಗಸ್ಟ್‌ನಲ್ಲಿ, ಸಂಜೆ ಆರರ ಮೇಲೆ, ಅವರ ಮನೆಗೆ ಹೋಗಿ. ಬಾಗಿಲಲ್ಲೇ ಬೋಂಜೂರ್ ಮಸ್ಯೂ ಅನ್ನಿ, ಕೈ ಕುಲುಕಿ. ‘ನೀವು’ ಅಂತಲೇ ಮಾತಾಡಿಸಿ. ‘ನೀನು’ ಶುರು ಮಾಡುವುದು ಅವರಿಗೆ ಬಿಡಿ, ಒಂದೆರಡು ಚಳಿಗಾಲ ಆದರೂ ಪರವಾಗಿಲ್ಲ. ಕುಡಿಯಲು ಪಾಸ್ತಿಸ್ ಕೊಡುತ್ತಾರೆ. ಕುಡಿಯದವರು ಹಣ್ಣಿನ ರಸ ಕೇಳಿದರೆ ಯಾರೂ ಏನೂ ಅಂದುಕೊಳ್ಳಲ್ಲ.

ಅಲ್ಲಿ ಬೇಟೆ ಸರಿಯೋ ತಪ್ಪೋ ಅನ್ನುವ ಚರ್ಚೆ ಬೇಡ. ನಿಮಗೆ ಬೇಕಾದ ಮಾಹಿತಿ ಕೇಳಿ: ಯಾವ ಯಾವ ದಿನ ಹಂದಿ ಬೇಟೆ ಇರುತ್ತದೆ? ನಮ್ಮ ಮನೆ ಹತ್ತಿರ ಯಾರಾದರೂ ಕೋವಿ ಹಿಡಿದು ಕೂರುವ ಜಾಗ ಇದೆಯಾ? ಹಿಂದಿನ ದಿನ ಒಂದು ಮೆಸೇಜ್ ಹಾಕುತ್ತೀರಾ? ಈ ಕೊನೆಯದಕ್ಕೆ ಹೆಚ್ಚಿನವರು ಹೂಂ ಅನ್ನುತ್ತಾರೆ. ನಿಮ್ಮ ಕಡೆಯ ವಿಷಯವನ್ನೂ ಹೇಳಿ: ಮಕ್ಕಳು ಎಲ್ಲಿ ಆಡುತ್ತಾರೆ, ನಾಯಿ ಇದೆ, ಬುಧವಾರ ಮಧ್ಯಾಹ್ನ ಶಾಲೆ ಇಲ್ಲದ ಹೊತ್ತಿಗೆ ಸೈಕಲ್ ಹೊಡೆಯುತ್ತಾರೆ, ಕುದುರೆ ಗುಂಡಿನ ಸದ್ದಿಗೆ ಬೆದರುತ್ತದೆ. ಹೊಸದಾಗಿ ಮನೆಗೆ ಜನ ಬಂದಿದ್ದಾರೆ ಅನ್ನುವುದೇ ಎಷ್ಟೋ ಸಲ ಅವರಿಗೆ ಗೊತ್ತಿರಲ್ಲ. ಹತ್ತು ವರ್ಷ ಬೀಗ ಹಾಕಿದ್ದ ಮನೆ ಅಂತಲೇ ಅಂಗಳದಲ್ಲಿ ಗಾಡಿ ನಿಲ್ಲಿಸಿರುತ್ತಾರೆ.

4. ಕ್ಯಾಲೆಂಡರ್ ಗೋಡೆಗೆ ಅಂಟಿಸಿ

ಸಾಮಾನ್ಯ ಹಂಗಾಮು ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯ ತನಕ. ಆದರೆ ಕಾಡುಹಂದಿಯನ್ನು ವಿಶೇಷ ಅನುಮತಿಯ ಮೇಲೆ ಈ ಹಂಗಾಮಿನ ಹೊರಗೂ ಹೊಡೆಯಬಹುದು. ಪ್ರತಿ ಜಿಲ್ಲೆಗೆ ದಿನಾಂಕ ಗೊತ್ತು ಮಾಡುವುದು ಪ್ರಿಫೆ, ನಮ್ಮ ಜಿಲ್ಲಾಧಿಕಾರಿ ಇದ್ದ ಹಾಗೆ. ಆ ಆದೇಶದ ಪ್ರತಿ ಮೇರಿಯ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ, ಫೋಟೋ ತೆಗೆದುಕೊಳ್ಳಿ.

‘ಬುಧವಾರ ಬೇಟೆ ಇಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2000ದ ಕಾನೂನು ಹಾಗೆ ಮಾಡಿತ್ತು, 2003ರಲ್ಲಿ ತೆಗೆದುಹಾಕಿದರು. ಭಾನುವಾರ ನಿಲ್ಲಿಸಿ ಅನ್ನುವ ಕೂಗು ಜೋರಾಗಿಯೇ ಇತ್ತು, 2023ರ ಜನವರಿಯಲ್ಲಿ ಸರ್ಕಾರ ಅದನ್ನು ಒಪ್ಪಲಿಲ್ಲ. ಹಾಗಾಗಿ ಯಾವ ದಿನ ಬಿಡುವು ಅನ್ನುವುದು ಜಿಲ್ಲೆಯ ಆದೇಶ ಮತ್ತು ಊರಿನ ಸಂಘದ ನಿಯಮ ನೋಡಿಯೇ ತಿಳಿಯಬೇಕು.

5. ಬೇಟೆಯ ದಿನ ಏನು ನಡೆಯುತ್ತದೆ, ನೀವೇನು ಮಾಡಬೇಕು

ಒಬ್ಬನೇ ನಾಯಿ ಕಟ್ಟಿಕೊಂಡು ಮೊಲ, ಕೌಜುಗ ಹುಡುಕುವುದು ಒಂದು ಬಗೆ. ಅದರಿಂದ ನಿಮಗೆ ತೊಂದರೆ ಕಡಿಮೆ. ಎಚ್ಚರ ಬೇಕಾದ್ದು ಬತ್ಯೂ ಅನ್ನುವ ಗುಂಪು ಬೇಟೆಗೆ.

ಬೆಳಿಗ್ಗೆ ಎಂಟಕ್ಕೆ ಬಿಳಿ ವ್ಯಾನುಗಳು, ಹಳೇ ಜೀಪುಗಳು, ನಾಯಿ ತುಂಬಿದ ಟ್ರೈಲರ್‌ಗಳು ಸಂಘದ ಗುಡಿಸಲ ಮುಂದೆ ಸೇರುತ್ತವೆ. ಮುಖಂಡ ರಿಜಿಸ್ಟರ್ ತೆಗೆದು ಎಲ್ಲರ ಸಹಿ ಹಾಕಿಸಿ, ಇವತ್ತು ಏನು ಹೊಡೆಯಬಹುದು, ಯಾರು ಎಲ್ಲಿ ನಿಲ್ಲಬೇಕು ಅಂತ ಓದುತ್ತಾನೆ. ಅರ್ಧ ಗಂಟೆಯಲ್ಲಿ ಎಲ್ಲರೂ ಚದುರಿ ಕಾಡಿನ ಸುತ್ತ, ರಸ್ತೆಗೆ ಬೆನ್ನು ಹಾಕಿ, ಒಬ್ಬರಿಗೊಬ್ಬರು ದೂರ ದೂರ ನಿಲ್ಲುತ್ತಾರೆ. ಉದ್ದಕ್ಕೆ ಒಂದು ಸಲ ಕೊಂಬು ಊದುವುದು ಕೇಳುತ್ತದೆ. ನಾಯಿಗಳನ್ನು ಬಿಟ್ಟರು ಅಂತ ಅರ್ಥ. ಆಮೇಲೆ ಒಳಗಿನಿಂದ ಬೊಗಳು, ಕೊರಳ ಗಂಟೆ, ಹೋಯ್ ಹೋಯ್ ಅನ್ನುವ ಕೂಗು, ನಡುನಡುವೆ ಗುಂಡು. ಮುಗಿದಾಗ ಸಾಮಾನ್ಯವಾಗಿ ಮೂರು ಉದ್ದ ಊದು. ಊರಿಂದ ಊರಿಗೆ ಸಂಕೇತ ಬೇರೆ ಇರಬಹುದು, ಅಧ್ಯಕ್ಷರನ್ನೇ ಕೇಳಿ ತಿಳಿದುಕೊಳ್ಳಿ. ಮೂರನೇ ಊದು ಕೇಳುವ ತನಕ ಆ ಕಾಡಿನೊಳಗೆ ಕಾಲಿಡಬೇಡಿ.

2019ರ ಕಾನೂನಿನ ಪ್ರಕಾರ ಗುಂಪು ಬೇಟೆಯಲ್ಲಿ ಎಲ್ಲರೂ ಹೊಳೆಯುವ ಜಾಕೆಟ್ ಹಾಕಬೇಕು, ರಸ್ತೆ ಬದಿಯಲ್ಲಿ ‘ಶಾಸ್ ಆನ್ ಕೂರ್’, ಅಂದರೆ ‘ಬೇಟೆ ನಡೆಯುತ್ತಿದೆ’ ಅನ್ನುವ ತಾತ್ಕಾಲಿಕ ಫಲಕ ಇಡಬೇಕು. ಆ ಫಲಕ ಕಂಡರೆ ಕಾರಿನ ವೇಗ ಇಳಿಸಿ, ಯಾಕಂದರೆ ಯಾವ ಹೊತ್ತಿಗೂ ಹಂದಿಯೋ ನಾಯಿಯೋ ರಸ್ತೆಗೆ ಹಾರಬಹುದು. ಫಲಕ ಇದ್ದ ಮಾತ್ರಕ್ಕೆ ಸಾರ್ವಜನಿಕ ದಾರಿ ಬಂದ್ ಅಂತಲ್ಲ. ನಡೆಯುವ ಹಕ್ಕು ನಿಮಗಿದೆ. ಆದರೂ ಆ ಬೆಳಿಗ್ಗೆ ಬೇರೆ ದಾರಿ ಹಿಡಿಯುವುದೇ ಜಾಣತನ.

ಹೋಗಲೇಬೇಕಾದರೆ ಕಾರಿನ ಡಿಕ್ಕಿಯಲ್ಲಿರುವ ಹಳದಿ ಜಾಕೆಟ್ ಹಾಕಿಕೊಳ್ಳಿ, ನಾಯಿಗೂ ಒಂದು ಹಾಕಿ. ದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ. ಮೊದಲ ಬೇಟೆಗಾರ ಕಂಡ ಕೂಡಲೇ ಜೋರಾಗಿ ಬೋಂಜೂರ್ ಅನ್ನಿ, ಯಾವ ಕಡೆ ಹೋದರೆ ಸರಿ ಅಂತ ಕೇಳಿ. ಅವನು ಕೋವಿಯ ನಳಿಗೆ ಬಗ್ಗಿಸಿ ತೆರೆದು ಹಿಡಿಯುತ್ತಾನೆ ಅಥವಾ ಗುಂಡು ತೆಗೆಯುತ್ತಾನೆ, ರೇಡಿಯೋದಲ್ಲಿ ಪಕ್ಕದವನಿಗೆ ಹೇಳುತ್ತಾನೆ. ಅಣಬೆಗೆ ಹೋಗುವವರಿಗೆ ಇದನ್ನು ಒತ್ತಿ ಹೇಳಬೇಕು. ಸೆಪ್ ಅಣಬೆ ಏಳುವುದೂ ಬೇಟೆ ಜೋರಾಗುವುದೂ ಒಂದೇ ಹೊತ್ತಿಗೆ, ಬಗ್ಗಿಕೊಂಡು ಪೊದೆಯಲ್ಲಿ ಸರಿದಾಡುವ ಕಂದು ಜಾಕೆಟ್ ಅಷ್ಟು ಒಳ್ಳೆಯದಲ್ಲ.

ಭಯ ಎಷ್ಟು ಪಡಬೇಕು? ಹಂದಿಗೆ ಹಾರಿಸುವ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಅದಕ್ಕೇ ಅಕ್ಕಪಕ್ಕದವರಿಂದ, ಮನೆಗಳಿಂದ 30 ಡಿಗ್ರಿ ಕೋನ ಬಿಟ್ಟು, ಗುಂಡು ನೆಲಕ್ಕೆ ನಾಟುವ ಹಾಗೆ ಹೊಡೆಯಬೇಕು ಅಂತ ಅವರಿಗೆ ಕಲಿಸುವುದು. 2022-23ರ ಹಂಗಾಮಿನಲ್ಲಿ ದೇಶದಲ್ಲಿ 78 ಅಪಘಾತ ಆದವು, 6 ಜನ ಸತ್ತರು. ಇಪ್ಪತ್ತು ವರ್ಷದ ಹಿಂದೆ ಇದಕ್ಕಿಂತ ತುಂಬಾ ಜಾಸ್ತಿ ಇತ್ತು, ಮತ್ತು ಪೆಟ್ಟು ತಿನ್ನುವವರಲ್ಲಿ ಹೆಚ್ಚಿನವರು ಬೇಟೆಗಾರರೇ. ಆದರೂ 2020ರ ಡಿಸೆಂಬರಿನಲ್ಲಿ ಲೋಟ್ ಜಿಲ್ಲೆಯಲ್ಲಿ ಮನೆ ಹತ್ತಿರ ಸೌದೆ ಕಡಿಯುತ್ತಿದ್ದ 25 ವರ್ಷದ ಯುವಕನೊಬ್ಬ ಹಂದಿ ಅಂತ ಹೊಡೆದ ಗುಂಡಿಗೆ ಸತ್ತ. ಆಮೇಲೇ ಸೆನೆಟ್‌ಗೆ ಲಕ್ಷಕ್ಕೂ ಮಿಕ್ಕ ಸಹಿಗಳ ಮನವಿ ಹೋದದ್ದು, 2023ರಲ್ಲಿ ಕುಡಿದ ಅಮಲಿನಲ್ಲಿ ಬೇಟೆ ಆಡಿದರೆ 1,500 ಯೂರೋ ತನಕ ದಂಡ ಬಂದದ್ದು. ‘ಏನೂ ಆಗಲ್ಲ ಬಿಡಿ’ ಅನ್ನುವ ಊರಿನ ಹಿರಿಯರ ಮಾತನ್ನು ಹಾಗೇ ನುಂಗಬೇಕಾಗಿಲ್ಲ.

6. ಅಕ್ಟೋಬರಿನ ಪಾರಿವಾಳ ಗುಡಿಸಲು

ಜೆರ್ಸ್, ಲಾಂದ್, ಝಿರೋಂದ್ ಕಡೆಯವರಿಗೆ ಮಾತ್ರ ಈ ಭಾಗ. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಉತ್ತರದಿಂದ ಕಾಡುಪಾರಿವಾಳಗಳು ಹಿಂಡು ಹಿಂಡಾಗಿ ಸ್ಪೇನ್ ಕಡೆಗೆ ಹೋಗುತ್ತವೆ. ಆ ದಿನಗಳಲ್ಲಿ ಊರಿನ ಅರ್ಧ ಗಂಡಸರಿಗೆ ಬೇರೆ ಕೆಲಸ ಇರಲ್ಲ. ಪ್ಲಂಬರ್‌ಗೆ ಫೋನ್ ಮಾಡಿದರೆ ಎತ್ತಲ್ಲ. ಕಾಡಿನಲ್ಲಿ ಜರಿಗಿಡದ ಸೊಪ್ಪು ಹೊದಿಸಿದ ಗುಡಿಸಲು, ಅದಕ್ಕೆ ಸೇರಿದ ಸುರಂಗದಂಥ ಮುಚ್ಚಿದ ಓಣಿಗಳು, ಮರದ ತುದಿಯಲ್ಲಿ ದಾರ ಕಟ್ಟಿದ ಸಾಕು ಪಾರಿವಾಳ. ದಾರ ಎಳೆದರೆ ಅದು ರೆಕ್ಕೆ ಬಡಿಯುತ್ತದೆ, ಮೇಲೆ ಹೋಗುವ ಹಿಂಡು ನೋಡಿ ಇಳಿಯುತ್ತದೆ. ಒಳಗೆ ಒಲೆ, ಮೇಜು, ವೈನು, ಮಧ್ಯಾಹ್ನ ಎರಡು ಗಂಟೆಯ ಊಟ.

ಅಂಥ ಜಾಗದ ಹತ್ತಿರ ಬಂದಿರಿ ಅನ್ನಿಸಿದರೆ ನಿಂತುಬಿಡಿ. ಶಿಳ್ಳೆ ಹಾಕಿ, ಇಲ್ಲ ಕೂಗಿ. ಒಳಗಿನಿಂದ ‘ಬನ್ನಿ’ ಅನ್ನುವ ತನಕ ಕದಲಬೇಡಿ. ಬೆಳಗಿನಿಂದ ಕಾದ ಹಿಂಡು ನಿಮ್ಮ ಕೆಂಪು ಸ್ವೆಟರ್ ನೋಡಿ ಹಾರಿಹೋದರೆ ಆ ಸಿಟ್ಟು ಮುಂದಿನ ವರ್ಷಕ್ಕೂ ಉಳಿಯುತ್ತದೆ. ಶಿಳ್ಳೆ ಹಾಕಿ ಹೋದವರನ್ನು ಮಾತ್ರ ಊಟಕ್ಕೇ ಕೂರಿಸುತ್ತಾರೆ.

7. ನಾಯಿಗಳು: ಅವರದ್ದು, ನಿಮ್ಮದು

ಬೇಟೆ ನಾಯಿ ನಿಮ್ಮ ತೋಟಕ್ಕೆ ನುಗ್ಗಿದರೆ ಕಲ್ಲು ಎತ್ತಬೇಡಿ. ವಾಸನೆ ಹಿಡಿದ ನಾಯಿಗೆ ಸರ್ವೆ ನಂಬರ್ ಗೊತ್ತಿಲ್ಲ. ಅದು ಪ್ರಾಣಿಯ ಹಿಂದೆ ಓಡಿ ಬಂದದ್ದೇ ಅಪರಾಧ ಆಗಬೇಕಾಗಿಲ್ಲ. ಸಂಜೆ ದಣಿದು ಗೇಟಿನ ಹತ್ತಿರ ಕೂತಿದ್ದರೆ ನೀರಿಡಿ, ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಇದ್ದರೆ ಕರೆ ಮಾಡಿ. ಈಗ ಹೆಚ್ಚಿನ ನಾಯಿಗಳಿಗೆ ಜಿಪಿಎಸ್ ಇರುತ್ತದೆ, ಮಾಲೀಕ ದಾರಿಯಲ್ಲೇ ಇರಬಹುದು. ಊಟ ಹಾಕಿ ಮನೆಯೊಳಗೆ ಕರೆದುಕೊಳ್ಳಬೇಡಿ. ನಾಯಿ ಹುಡುಕಿಕೊಟ್ಟವರನ್ನು ಬೇಟೆಗಾರರು ಮರೆಯಲ್ಲ, ಅಧ್ಯಕ್ಷರ ಜೊತೆ ಕುಡಿದ ಪಾಸ್ತಿಸ್‌ಗಿಂತ ಇದರ ತೂಕ ಜಾಸ್ತಿ.

ನಿಮ್ಮ ನಾಯಿಗೂ ನಿಯಮ ಇದೆ. ಏಪ್ರಿಲ್ 15ರಿಂದ ಜೂನ್ 30ರವರೆಗೆ ಕಾಡಿನಲ್ಲಿ ದಾರಿ ಬಿಟ್ಟು ಹೋದರೆ ಹಗ್ಗ ಕಡ್ಡಾಯ. ಮರಿ ಹಾಕುವ ಕಾಲ ಅದು.

ನಾಯಿ ಗೂಡಿನ ಬೊಗಳಿಕೆಗೆ ಕೋರ್ಟಿಗೆ ಹೋಗುವ ಮೊದಲು ಎರಡು ಸಲ ಯೋಚಿಸಿ. ಓಲೆರೋನ್ ದ್ವೀಪದಲ್ಲಿ ಹುಂಜದ ಕೂಗಿನ ಮೇಲೆ ದಾವೆ ಹಾಕಿದವರು 2019ರಲ್ಲಿ ಸೋತರು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳೂ ನಾಡಿನ ಆಸ್ತಿ ಅಂತ ಕಾನೂನೇ ಬಂತು.

8. ‘ನನ್ನ ಜಾಗದಲ್ಲಿ ಬೇಡ’ ಅನ್ನುವುದು ಹೇಗೆ

ಮೊದಲು 150 ಮೀಟರಿನ ಗೊಂದಲ ಬಿಡಿಸೋಣ. ಮನೆಯ 150 ಮೀಟರ್ ಒಳಗೆ ಬೇಟೆ ಆಡಲೇಬಾರದು ಅಂತ ಎಲ್ಲರೂ ಹೇಳುತ್ತಾರೆ. ಕಾನೂನು ಹೇಳುವುದು ಬೇರೆ: ವಾಸದ ಮನೆಯ ಸುತ್ತ 150 ಮೀಟರ್ ಜಾಗ ಎಸಿಸಿಎಗೆ ಸೇರಲ್ಲ. ಆ ಜಾಗ ನಿಮ್ಮದಾಗಿದ್ದರೆ ನೀವು ಬೇಡ ಅಂದರೆ ಮುಗಿಯಿತು. ಪಕ್ಕದ ರೈತನದ್ದಾಗಿ ಅವನು ಒಪ್ಪಿದ್ದರೆ, ಅವರು ನಿಮ್ಮ ಅಡುಗೆಮನೆಯಿಂದ 80 ಮೀಟರ್ ದೂರದಲ್ಲೂ ನಿಲ್ಲಬಹುದು. ಆದರೆ ಮನೆಯ ಕಡೆಗೆ, ರಸ್ತೆಯ ಕಡೆಗೆ ಗುಂಡು ಹಾರಿಸುವುದನ್ನು ಜಿಲ್ಲಾ ಆದೇಶಗಳು ನಿಷೇಧಿಸುತ್ತವೆ. ನೀವು ಹಿಡಿಯಬೇಕಾದ್ದು ಆ ಎಳೆಯನ್ನು.

ಉಳಿದ ಜಮೀನನ್ನು ಎಸಿಸಿಎಯಿಂದ ಹೊರಗೆ ತರಲು ‘ಮನಸ್ಸಾಕ್ಷಿಯ ವಿರೋಧ’ ಅನ್ನುವ ದಾರಿ ಇದೆ. 1999ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ, ಬೇಟೆ ಒಪ್ಪದವನ ಜಮೀನನ್ನು ಬಲವಂತವಾಗಿ ಸೇರಿಸಬಾರದು ಅಂತ ಫ್ರಾನ್ಸ್‌ಗೆ ಹೇಳಿದ ಮೇಲೆ 2000ದಲ್ಲಿ ಇದು ಕಾನೂನಿಗೆ ಬಂತು. ಎಷ್ಟೇ ಸಣ್ಣ ಜಾಗಕ್ಕೂ ಸಿಗುತ್ತದೆ. ಸಂಘ ಹುಟ್ಟಿದ ದಿನಾಂಕದಿಂದ ಲೆಕ್ಕ ಹಾಕಿ ಪ್ರತಿ ಐದು ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತದೆ. ಅದಕ್ಕೆ ಆರು ತಿಂಗಳ ಮುಂಚೆ ಬೇಟೆಗಾರರ ಜಿಲ್ಲಾ ಒಕ್ಕೂಟದ ಅಧ್ಯಕ್ಷರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಅರ್ಜಿ ಹೋಗಬೇಕು. ದಿನಾಂಕ ತಪ್ಪಿದರೆ ಇನ್ನೈದು ವರ್ಷ ಕಾಯಬೇಕು.

ಇದರ ಬೆಲೆಯೂ ಇದೆ. ನಿಮ್ಮ ಎಲ್ಲ ಜಮೀನಿಗೂ ಅನ್ವಯಿಸಬೇಕು, ನೀವೂ ಎಲ್ಲೂ ಬೇಟೆ ಆಡುವ ಹಾಗಿಲ್ಲ, ಸುತ್ತ ಫಲಕ ನಿಮ್ಮ ಖರ್ಚಿನಲ್ಲೇ. ನಿಮ್ಮ ಕಾಡಿನಲ್ಲಿ ಬೀಡುಬಿಟ್ಟ ಹಂದಿ ಪಕ್ಕದವನ ಬೆಳೆ ತಿಂದರೆ ಹೊಣೆ ನಿಮ್ಮ ಮೇಲೂ ಬರಬಹುದು. ಪಕ್ಷಿಗಳ ರಕ್ಷಣೆಗಿರುವ ಎಲ್‌ಪಿಒ, ಕಾಡುಪ್ರಾಣಿಗಳಿಗಾಗಿ ದುಡಿಯುವ ಆಸ್ಪಾಸ್ ಸಂಸ್ಥೆಗಳಿಗೆ ಇಂಥ ಅರ್ಜಿಗಳ ಅಭ್ಯಾಸ ಇದೆ, ಕೇಳಬಹುದು. ಅರ್ಜಿ ಹಾಕುವ ಮೊದಲು ಊರಿನ ಅಧ್ಯಕ್ಷರಿಗೆ ಒಂದು ಮಾತು ಹೇಳಿ. ಅಂಚೆಯವನ ಬಾಯಿಂದ ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದ ಗೊತ್ತಾಗುವುದು ಮೇಲು.

9. ನಿಜವಾಗಿಯೂ ಕೆಟ್ಟದ್ದು ನಡೆದರೆ

ಗೋಡೆಗೆ ಗುಂಡಿನ ಗುರುತು, ಮನೆಯ ಕಡೆ ತಿರುಗಿದ ಕೋವಿ, ಕುಡಿದು ತೂರಾಡುವವನು. ಇಂಥದ್ದಕ್ಕೆ ನೆರೆಹೊರೆ ಅಂತ ಸುಮ್ನೆ ಇರಬಾರದು. ಒಳಗೆ ಬನ್ನಿ, 17ಕ್ಕೆ ಫೋನ್ ಮಾಡಿ, ಜಾಂದಾರ್ಮ್ ಪೊಲೀಸರು ಬರುತ್ತಾರೆ. ಹೊತ್ತು, ಜಾಗ, ಗಾಡಿ ನಂಬರ್ ಬರೆದಿಡಿ, ಗುರುತಿನ ಫೋಟೋ ತೆಗೆಯಿರಿ, ಗುಂಡಿನ ಚೂರು ಸಿಕ್ಕರೆ ಮುಟ್ಟದೆ ಬಿಡಿ. ಬೇಟೆ ನಿಯಮ ನೋಡಿಕೊಳ್ಳುವುದು 2020ರಲ್ಲಿ ಶುರುವಾದ ಜೀವವೈವಿಧ್ಯ ಕಚೇರಿ ಒಎಫ್‌ಬಿ, ಅವರ ಜಿಲ್ಲಾ ಶಾಖೆಗೂ ಬರೆಯಿರಿ. ಮೇಯರ್‌ಗೆ ಒಂದು ಪ್ರತಿ.

ಬೇಟೆ ನಡೆಯುತ್ತಿರುವಾಗ ತಮಟೆ ಬಾರಿಸಿ ಪ್ರಾಣಿ ಓಡಿಸುವುದು, ಅಡ್ಡ ನಿಲ್ಲುವುದು ಮಾಡಬೇಡಿ. ಬೇಕೆಂದೇ ಬೇಟೆಗೆ ಅಡ್ಡಿ ಮಾಡಿದರೆ 2010ರಿಂದ 1,500 ಯೂರೋ ತನಕ ದಂಡ ಇದೆ. ತಪ್ಪು ಅವರದ್ದಾಗಿದ್ದ ಕಡೆ ನೀವು ಆರೋಪಿ ಆಗಿಬಿಡುತ್ತೀರಿ.

10. ಗೇಟಿಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲ

ಒಂದು ಭಾನುವಾರ ಸಂಜೆ ಗೇಟಿನಲ್ಲಿ ಒಂದು ಚೀಲ ಇರುತ್ತದೆ. ಒಳಗೆ ಹಂದಿಯ ತೊಡೆ, ಎರಡು ಕಿಲೋ ಆದರೂ ಇರುತ್ತದೆ. ಜಮೀನಿನವರಿಗೆ, ನೆರೆಯವರಿಗೆ ಪಾಲು ಕೊಡುವುದು ಅಲ್ಲಿನ ಪದ್ಧತಿ. ಸಸ್ಯಾಹಾರಿಗಳಾದರೆ ಮೊದಲೇ ಅಧ್ಯಕ್ಷರಿಗೆ ಹೇಳಿಬಿಡಿ, ಮುಂದಿನ ಸಲ ಚೀಲದಲ್ಲಿ ಅಣಬೆಯೋ ವಾಲ್‌ನಟ್ಟೋ ಬರಬಹುದು. ಸಂಘದ ವಾರ್ಷಿಕ ಊಟದ ಟಿಕೆಟ್ ಮಾತ್ರ ತೆಗೆದುಕೊಳ್ಳಿ. ಚೀಸು, ಸಲಾಡು, ಹಣ್ಣಿನ ಟಾರ್ಟು ತಿಂದರೂ ಹೋದ ಲೆಕ್ಕ ಆಗುತ್ತದೆ.

ತಿನ್ನುವವರು ಒಂದು ವಿಷಯದಲ್ಲಿ ಹುಷಾರು. ಕಾಡುಹಂದಿಯಲ್ಲಿ ಟ್ರಿಕಿನೆಲ್ಲಾ ಅನ್ನುವ ಸಣ್ಣ ಹುಳು ಇರಬಹುದು, ಫ್ರೀಜರ್‌ನಲ್ಲಿಟ್ಟರೆ ಸಾಯುತ್ತದೆ ಅಂತ ನಂಬುವ ಹಾಗಿಲ್ಲ. ಒಳಗೆ ಎಲ್ಲೂ ಕೆಂಪು ಉಳಿಯದ ಹಾಗೆ ಬೇಯಿಸಿ. ಅಲ್ಲಿಯವರು ರಾತ್ರಿಯಿಡೀ ಕೆಂಪು ವೈನಿನಲ್ಲಿ ನೆನೆಸಿ ಸಿವೆ ಮಾಡುತ್ತಾರೆ. ನಮ್ಮ ಪಂದಿ ಕರಿಗೂ ಈ ಮಾಂಸ ಚೆನ್ನಾಗಿ ಹೊಂದುತ್ತದೆ, ಸಾಕಿದ ಹಂದಿಗಿಂತ ಗಟ್ಟಿ ಆದ್ದರಿಂದ ಹೊತ್ತು ಮಾತ್ರ ಜಾಸ್ತಿ ಬೇಕು. ಊರಿನಿಂದ ತಂದ ಕಾಚಂಪುಳಿ ಮುಗಿದಿದ್ದರೆ ಹುಣಸೆಹಣ್ಣೂ ಸ್ವಲ್ಪ ವಿನಿಗರ್ರೂ ಹಾಕಿ ಸುಧಾರಿಸಬಹುದು. ಒಂದು ಡಬ್ಬಿ ಕೊಟ್ಟವರ ಮನೆಗೂ ಹೋಗಲಿ. ಅವರ ಪಾಲಿಗೆ ಮೆಣಸು, ಖಾರ ಅರ್ಧಕ್ಕೆ ಇಳಿಸಿ.